ಆನೆ ಬಂದಾಗಲೇ ಬೋರ್ಡ್ ಆಫ್ ಆಗೋದು ಯಾಕೆ?

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಆನೆ ನುಗ್ಗುವ ಜಾಗದಲ್ಲಿ ರಾಸ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್ ಬೋರ್ಡ್) ಇಟ್ಟು, ಯುಎಸ್‌ಬಿಗೆ ನೈಟ್ ಕ್ಯಾಮೆರಾ, 4ಜಿ ಡಾಂಗಲ್ ಸಿಕ್ಕಿಸಿದ್ದೇನೆ. 12 ವೋಲ್ಟ್ ಸೋಲಾರ್ ಬ್ಯಾಟರಿಗೆ ಜೀಪಿನ ಮೊಬೈಲ್ ಚಾರ್ಜರ್, ಅಲ್ಲಿಂದ ಒಂದೂವರೆ ಮೀಟರ್ ಕೇಬಲ್. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ಆನೆ ಬಂದು ಫೋಟೊ ಕಳಿಸುವಾಗಲೇ ರೀಸ್ಟಾರ್ಟ್ ಆಗುತ್ತದೆ. ಚಾರ್ಜರ್ ಮೇಲೆ 3 ಆಂಪಿಯರ್ ಅಂತ ಬರೆದಿದೆ. ಬೋರ್ಡ್ ಹಾಳಾಗಿದೆಯಾ?
– ಒಬ್ಬ ಓದುಗ, ಸಿದ್ದಾಪುರ

ಉತ್ತರ: ಬೋರ್ಡ್ ಪಾಪದ್ದು, ಅದನ್ನು ಬಯ್ಯಬೇಡಿ. ನನಗೆ ಅನುಮಾನ ಇರುವುದು ಆ ಕೇಬಲ್ ಮೇಲೆ. ಪೈ 4ರ ಯುಎಸ್‌ಬಿ ಪೋರ್ಟ್‌ಗಳಿಗೆ ಬೇರೆ ಕರೆಂಟ್ ಇಲ್ಲ, ನೀವು ಕೊಡುವ ಅದೇ 5 ವೋಲ್ಟ್ ಅಲ್ಲಿಗೂ ಹೋಗುತ್ತದೆ, ನಾಲ್ಕೂ ಪೋರ್ಟ್ ಸೇರಿ 1.2 ಆಂಪಿಯರ್‌ವರೆಗೆ. ಕತ್ತಲಲ್ಲಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿದೆ, ಅದೇ ಹೊತ್ತಿಗೆ ಡಾಂಗಲ್ ಫೋಟೊ ಕಳಿಸುತ್ತಿದೆ, ತೋಟದೊಳಗೆ ಸಿಗ್ನಲ್ ಕಡ್ಡಿ ಒಂದೋ ಎರಡೋ, ಹಾಗಾಗಿ ಅದು ಜಾಸ್ತಿ ಶಕ್ತಿ ಹಾಕಿ ಕೂಗಬೇಕು. ಎಲ್ಲ ಒಟ್ಟಿಗೆ ಬಿತ್ತಲ್ವಾ?

ಈಗ ಲೆಕ್ಕ ನೋಡಿ. ಅಗ್ಗದ ಕೇಬಲ್ಲಿನೊಳಗೆ ಹೆಚ್ಚಾಗಿ 28 ಗೇಜ್ ತಂತಿ ಇರುತ್ತದೆ, ಮೀಟರಿಗೆ ಸುಮಾರು 0.2 ಓಮ್. ಕರೆಂಟ್ ಹೋಗಿ ವಾಪಸ್ ಬರಬೇಕು, ಅಂದರೆ 3 ಮೀಟರ್, 0.6 ಓಮ್. 1.5 ಆಂಪಿಯರ್ ಎಳೆದರೆ 0.9 ವೋಲ್ಟ್ ದಾರಿಯಲ್ಲೇ ಖರ್ಚು, ಬೋರ್ಡಿಗೆ ಉಳಿಯುವುದು 4.1. ವೋಲ್ಟೇಜ್ 4.63ರ ಕೆಳಗೆ ಇಳಿದರೇ ಪೈ ದೂರು ಹೇಳುತ್ತದೆ. ಲಾಗ್ ತೆಗೆದು ನೋಡಿ, ಅಂಡರ್‌ವೋಲ್ಟೇಜ್ ಅಂತ ಸಾಲು ಸಿಗಬಹುದು. ಚಾರ್ಜರ್ ಮೇಲಿನ 3 ಆಂಪಿಯರ್ ನಿಜವೇ ಇದ್ದರೂ ಇಲ್ಲಿ ಪ್ರಯೋಜನ ಇಲ್ಲ.

ಹಾಗಾಗಿ ಉದ್ದದ ದಾರಿಯನ್ನು 12 ವೋಲ್ಟಿನಲ್ಲೇ ಮುಗಿಸಿ. ಬ್ಯಾಟರಿಯಿಂದ ದಪ್ಪ ವೈರ್ ಬೋರ್ಡ್ ಇರುವ ಡಬ್ಬಿವರೆಗೆ ಬರಲಿ, 5.1 ವೋಲ್ಟ್, 3 ಆಂಪಿಯರ್ ಕೊಡುವ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟ್) ಡಬ್ಬಿಯೊಳಗೇ ಕೂರಲಿ, ಅಲ್ಲಿಂದ ಪೈಗೆ ಗೇಣುದ್ದದ ವೈರ್ ಸಾಕು. 12ರಲ್ಲಿ ಅರ್ಧ ವೋಲ್ಟ್ ಹೋದರೂ ಕನ್ವರ್ಟರಿಗೆ ಲೆಕ್ಕಕ್ಕಿಲ್ಲ. ಬ್ಯಾಟರಿ ಕಡೆ ಒಂದು ಫ್ಯೂಸ್ ಹಾಕಿ. ಆಮೇಲೆ ಡಾಂಗಲ್ ಓಡುತ್ತಿರುವಾಗ ಪೈನ ಪಿನ್ 4 (5 ವೋಲ್ಟ್) ಮತ್ತು ಪಿನ್ 6ರ (ಗ್ರೌಂಡ್) ನಡುವೆ ಮೀಟರ್ ಇಟ್ಟು ವೋಲ್ಟೇಜ್ ನೋಡಿ. ಕೈ ಜಾರಿ, 3.3 ವೋಲ್ಟ್ ಮಾತ್ರ ತಡೆಯುವ ಪಕ್ಕದ ಪಿನ್ 3ಕ್ಕೆ 5 ವೋಲ್ಟ್ ತಾಗಿದರೆ ಬೋರ್ಡ್ ನಿಜವಾಗಿಯೂ ಹೋಗಬಹುದು, ನಾನೇ ಒಂದನ್ನು ಹಾಗೆ ಕಳೆದಿದ್ದೇನೆ.

ಪ್ರಶ್ನೆ: ಪ್ರಾಜೆಕ್ಟಿಗೆ ಸ್ವಂತ ಬೋರ್ಡ್ ಮಾಡಿದ್ದೇನೆ. ಯುಎಸ್‌ಬಿ ಪೋರ್ಟಿಗೆ ಏನಾದರೂ ಚುಚ್ಚಿದ ಕೂಡಲೇ ಪ್ರೊಸೆಸರ್ ರೀಸೆಟ್ ಆಗುತ್ತದೆ. ಪಾಲಿಫ್ಯೂಸ್ (ಕರೆಂಟ್ ಜಾಸ್ತಿಯಾದರೆ ಬಿಸಿಯಾಗಿ ತಡೆದು, ತಣ್ಣಗಾದ ಮೇಲೆ ತಾನೇ ಸರಿಹೋಗುವ ಫ್ಯೂಸ್) ಹಾಕಿದ್ದೇನೆ, ಸಾಲದಾ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಸಾಲದು. ಪಾಲಿಫ್ಯೂಸ್ ಬಿಸಿಯಾಗಿ ಎಚ್ಚರಗೊಳ್ಳುವಷ್ಟರಲ್ಲಿ ನಿಮ್ಮ ಪ್ರೊಸೆಸರ್ ಬಿದ್ದು ಎದ್ದಾಗಿರುತ್ತದೆ. ಚುಚ್ಚಿದ ಸಾಧನದ ಖಾಲಿ ಕೆಪಾಸಿಟರ್ ಒಂದೇ ಗುಟುಕಿಗೆ ಕರೆಂಟ್ ಹೀರುತ್ತದೆ, ಅದೇ ತೊಂದರೆ. ನಿಯಮದ ಪ್ರಕಾರ ಸಾಧನದಲ್ಲಿ 10 ಮೈಕ್ರೋಫ್ಯಾರಡ್ ಮೀರಬಾರದು, ಪಾಲಿಸದವರೂ ಇದ್ದಾರೆ. ಪೋರ್ಟ್ ಕಡೆ ಕನಿಷ್ಠ 120 ಮೈಕ್ರೋಫ್ಯಾರಡ್, ಒಳ ರೆಸಿಸ್ಟೆನ್ಸ್ ಕಡಿಮೆ ಇರುವ ಕೆಪಾಸಿಟರ್ ಇಡಿ. ಪಾಲಿಫ್ಯೂಸ್ ಬದಲು ಕರೆಂಟ್ ಮಿತಿ ಇರುವ ಯುಎಸ್‌ಬಿ ಪವರ್ ಸ್ವಿಚ್ ಐಸಿ ಹಾಕಿ, ಯುಎಸ್‌ಬಿ 2ಕ್ಕೆ 500 ಮಿಲಿಆಂಪಿಯರ್, 3ಕ್ಕೆ 900 ಸಿಗುವಂತೆ ಮಿತಿಯನ್ನು ಸ್ವಲ್ಪ ಮೇಲೆ ಆರಿಸಿ. ಮಿತಿ ಮೀರಿದರೆ ಸೂಚನೆ ಕೊಡುವ ಅದರ ಫಾಲ್ಟ್ ಪಿನ್ನನ್ನು ಸುಮ್ನೆ ಬಿಡದೆ ಪ್ರೊಸೆಸರಿಗೆ ಜೋಡಿಸಿದರೆ ಯಾವ ಸಾಧನ ತಪ್ಪು ಮಾಡಿತು ಅಂತ ಗೊತ್ತಾಗುತ್ತದೆ.