ಟ್ರಂಪೆಟ್ ಮೌತ್‌ಪೀಸಿಗೆ ಬಂಗಾರದ ನೀರೋ, ಬೆಳ್ಳಿಯೋ?

ಬೆಳ್ಳಿ ಮೌತ್‌ಪೀಸು ವಾರದಲ್ಲೇ ಕಪ್ಪಾಗ್ತದೆ, ರಿಮ್ಮಿನ (ತುಟಿ ತಾಗುವ ಅಂಚಿನ) ಒಂದು ಕಡೆ ಹಳದಿ ಕಾಣ್ತಿದೆ, ಅಲ್ಲೇ ತುಟಿ ಉರೀತದೆ. ಬೀದರಿನ ಬಿದರಿ ಕೆಲಸದವರ ಹತ್ತಿರ ಬಂಗಾರ ಹಾಕಿಸಿಬಿಟ್ಟರೆ ಹೇಗೆ, ದನಿನೂ ಸುಧಾರಿಸ್ತದಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಕಲಬುರಗಿಯಲ್ಲಿ ಒಂದು ಗಿಲೀಟಿನ, ಅಂದರೆ ಲೋಹಕ್ಕೆ ಲೇಪ ಹಾಕುವ, ಅಂಗಡಿ ಹೊಕ್ಕಿದ್ದೆ. ಅಲ್ಲಿ ನಾನು ಆಡಿದ ಒಂದೇ ಮಾತು ನನ್ನ 7ಸಿ ಅಳತೆಯ ಮೌತ್‌ಪೀಸನ್ನು ಕೆಡಿಸಿತು: "ಚಮಕ್ ಚಲೋ ಬರ್ಲಿರಿ."

ಗಿಲೀಟಿನವರ ಭಾಷೆಯಲ್ಲಿ ಚಮಕ್ ಅಂದರೆ ಬಫ್. ಮೋಟರಿಗೆ ಬಟ್ಟೆಯ ಚಕ್ರ, ಅದಕ್ಕೆ ಕೆಂಪು ಪಾಲಿಷ್ ಗಡ್ಡೆ, ಗೀರು ಹೋಗಿ ಮುಖ ಕಾಣುವ ತನಕ ಉಜ್ಜೋದು. ಕಾಲುಂಗುರಕ್ಕೆ ಅದೇ ಸರಿ. ಆದರೆ ಮೌತ್‌ಪೀಸಿನಲ್ಲಿ ಆ ಚಕ್ರ ಮುಟ್ಟಲೇಬಾರದ ಜಾಗ ಎರಡಿವೆ.

ಮೊದಲನೆಯದು ರಿಮ್ಮಿನ ಒಳಂಚು. ರಿಮ್ಮು ಮುಗಿದು ಕಪ್, ಅಂದರೆ ಒಳಗಿನ ಬಟ್ಟಲು, ಶುರುವಾಗುವ ಆ ಸಣ್ಣ ಏಣು ತುಟಿಯನ್ನು ಹಿಡಿಯುತ್ತದೆ. ಮೌತ್‌ಪೀಸು ಮಾಡುವ ಬಾಕ್ ಕಂಪನಿಯ ಅಳತೆಯಲ್ಲಿ 7ಸಿ ಕಪ್ಪಿನ ಅಗಲ 16.20 ಮಿ.ಮೀ., 3ಸಿ 16.30. ಈ 0.1 ಮಿ.ಮೀ. ಫರಕಿಗೆ ಜನ ವರ್ಷಗಟ್ಟಲೆ ವಾದ ಮಾಡ್ತಾರೆ. ಬಫ್ ಚಕ್ರ ಒಳಂಚನ್ನು ಗುಂಡಗೆ ಮಾಡಿದರೆ ತುಟಿಗೆ ಸಿಗುವ ಅಗಲ ಅದಕ್ಕಿಂತ ಹೆಚ್ಚೇ ಬದಲಾಗಬಹುದು. ಸ್ವರದ ಎತ್ತುಗಡೆ ಮೆತ್ತಗಾಗ್ತದೆ, ತುಟಿ ಬೇಗ ದಣೀತದೆ.

ಎರಡನೆಯದು ಶ್ಯಾಂಕು, ಅಂದರೆ ಟ್ರಂಪೆಟಿನೊಳಗೆ ಕೂರುವ ಬಾಲ. ನನಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಶ್ಯಾಂಕಿನ ಇಳಿಜಾರು ಸುಮಾರು 20ಕ್ಕೆ 1. ಉದ್ದದಲ್ಲಿ 20 ಮಿ.ಮೀ. ಹೋದರೆ ದಪ್ಪ 1 ಮಿ.ಮೀ. ಬದಲಾಗ್ತದೆ. ಇದನ್ನೇ ತಿರುಗಿಸಿ ನೋಡ್ರಿ: ದಪ್ಪದಲ್ಲಿ 0.05 ಮಿ.ಮೀ. ಸವೆದರೆ ಮೌತ್‌ಪೀಸು 1 ಮಿ.ಮೀ. ಒಳಗೆ ಇಳೀತದೆ. ನನ್ನದು ಒಂದೂವರೆ ಮಿ.ಮೀ. ಇಳಿದಿತ್ತು. ಅಂದರೆ ಒಂದೊಂದು ಮಗ್ಗುಲಿಗೆ ಹೋದದ್ದು 0.04 ಮಿ.ಮೀ.ಗೂ ಕಡಿಮೆ, ಕೂದಲೆಳೆಯ ಅರ್ಧದಷ್ಟು. ಕಣ್ಣಿಗೆ ಏನೂ ಕಾಣೋದಿಲ್ಲ. ಆದರೆ ಶ್ಯಾಂಕಿನ ತುದಿಗೂ ಒಳಗೆ ಲೀಡ್‌ಪೈಪು (ಟ್ರಂಪೆಟಿನ ಮೊದಲ ಕೊಳವೆ) ಶುರುವಾಗುವ ಜಾಗಕ್ಕೂ ನಡುವೆ ಸಾಮಾನ್ಯವಾಗಿ ಇರೋದೇ 3 ಮಿ.ಮೀ. ಆಸುಪಾಸಿನ ಸಂದು. ಅದರ ಅರ್ಧ ಮುಚ್ಚಿಹೋಯ್ತು. ಮೇಲಿನ ಸ್ವರಗಳು ಕೂರುವ ಜಾಗ ಬಿಟ್ಟು ಜಾರಿದವು. ನಾನು ಮಾತ್ರ "ಬಂಗಾರ ಒಗ್ಗಲಿಲ್ಲ" ಅಂದುಕೊಂಡು ಬಹಳ ದಿನ ಅದನ್ನೇ ಬೈದೆ. ಬಂಗಾರದ ತಪ್ಪು ಏನೂ ಇರಲಿಲ್ಲ.

ಬಂಗಾರ ಎಷ್ಟು ಕೂತಿರ್ತದೆ ಲೆಕ್ಕ ಹಾಕಿ. ಮೌತ್‌ಪೀಸಿನ ಮೈ 50 ಚದರ ಸೆಂ.ಮೀ. ಅಂತ ಹಿಡಿಯಿರಿ. ಒಂದು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪ ಹಾಕಿದರೂ ಬಂಗಾರ 0.1 ಗ್ರಾಂ ಮುಟ್ಟೋದಿಲ್ಲ, ಪತ್ತಾರರ ತಕ್ಕಡಿಯಲ್ಲಿ ಒಂದು ಗುಂಜಿಗೂ ಕಡಿಮೆ. ಇಷ್ಟರಿಂದ ದನಿ ಬದಲಾಗ್ತದೆ ಅನ್ನೋದನ್ನು ನಾನು ಒಪ್ಪೋದಿಲ್ಲ. ದನಿ ಇರೋದು ಕಪ್ಪಿನ ಆಳ, ಅದರ ತಳದ ಥ್ರೋಟಿನ ತೂತು, ಅಲ್ಲಿಂದ ಬಾಲದ ತುದಿವರೆಗೆ ಹೋಗುವ ಬ್ಯಾಕ್‌ಬೋರಿನ ಆಕಾರದಲ್ಲಿ. ಬದಲಾಗೋದು ತುಟಿಗೆ ತಾಗುವ ಹದ. ಬಂಗಾರ ನುಣುಪು, ಜಾರ್ತದೆ. ಬೆಳ್ಳಿ ಒಂದಿಷ್ಟು ಹಿಡೀತದೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ, ಮದುವೆ ಮೆರವಣಿಗೆಯಲ್ಲಿ ಮೀಸೆ ಮೇಲಿನ ಬೆವರಿನ ಜೊತೆ ಊದುವವರಿಗೆ ಆ ಹಿಡಿತವೇ ಬೇಕು ಅಂತ ನನ್ನ ಎಣಿಕೆ.

ಈಗ ನಿಮ್ಮ ಉರಿ. ಹಳದಿ ಕಾಣ್ತಿದೆ ಅಂದರೆ ಬೆಳ್ಳಿ ಸವೆದು ಹಿತ್ತಾಳೆ ಹೊರಬಿದ್ದಿದೆ. ಬೆವರು, ಎಂಜಲು ತಾಗಿದ ಹಿತ್ತಾಳೆಗೆ ಕಿಲುಬು ಹಿಡೀತದೆ. ಲೇತಿನಲ್ಲಿ ಸಲೀಸಾಗಿ ಕಡೆಯಲಿ ಅಂತ ಇಂಥ ಹಿತ್ತಾಳೆಗೆ ಸೀಸವನ್ನೂ ಬೆರೆಸ್ತಾರೆ, ಕೆಲವು ತರಹದಲ್ಲಿ ನೂರಕ್ಕೆ 3ರ ತನಕ. ಅದನ್ನು ದಿನಾ ಬಾಯಿಗಿಡಬೇಡಿ. ಸಸ್ತಾ ಮೌತ್‌ಪೀಸಾದರೆ ಮೇಲಿರೋದು ಬೆಳ್ಳಿ ಅಲ್ಲದೆ ನಿಕಲ್ ಆಗಿರಬಹುದು. ನಿಕಲ್ ಎಷ್ಟೋ ಜನರ ಚರ್ಮಕ್ಕೆ ಆಗಿಬರೋದಿಲ್ಲ. ಬೆಳ್ಳಿಯೇ ಆಗದವರು ಅಪರೂಪ. ಒಂದು ಅಗ್ಗದ ಪರೀಕ್ಷೆ: ಎರಡು ವಾರ ಪ್ಲಾಸ್ಟಿಕ್ ಮೌತ್‌ಪೀಸಲ್ಲಿ ಊದಿ, ಉರಿ ಹೋದರೆ ಅದು ಲೋಹದ್ದೇ. ಆಮೇಲೆ ಗಟ್ಟಿ ಬೆಳ್ಳಿ ಲೇಪ ಹಾಕಿಸಿ. ಅದಕ್ಕೂ ಉರಿದರೆ ಆಗ ಬಂಗಾರದ ಮಾತು.

ಬೆಳ್ಳಿ ಕಪ್ಪಾಗೋದು ಬೇರೆ ವಿಷಯ. ಅದು ಗಂಧಕ ತಾಗಿದ ಬೆಳ್ಳಿ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚಿ ಹಾಗೇ ಊದಬೇಡಿ, ಪೆಟ್ಟಿಗೆಯಲ್ಲಿ ರಬ್ಬರ್ ಬ್ಯಾಂಡ್ ಇಡಬೇಡಿ. ದೇವರ ಸಾಮಾನಿನ ಹಾಗೆ ವಿಭೂತಿ ಹಾಕಿ ತಿಕ್ಕಿದರೆ ಪ್ರತಿ ಸಲ ಒಂದಿಷ್ಟು ಬೆಳ್ಳಿ ಬಟ್ಟೆಗೆ ಬರ್ತದೆ. ಬದಲಿಗೆ ಬೋಗುಣಿಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಒಂದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ, ಮೌತ್‌ಪೀಸು ಹಾಳೆಗೆ ತಾಗುವಂತೆ ಐದು ನಿಮಿಷ ಬಿಡಿ. ಕೊಳೆತ ತತ್ತಿಯ ವಾಸನೆ ಬಂದರೆ ಕೆಲಸ ನಡೀತಿದೆ ಅಂತ ಅರ್ಥ: ಗಂಧಕ ಬಿಟ್ಟುಹೋಗಿ ಬೆಳ್ಳಿ ಅಲ್ಲೇ ಉಳೀತದೆ. ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ.

ಬಿದರಿ ಕೆಲಸದವರನ್ನು ಇದಕ್ಕೆ ಕೇಳಬೇಡಿ. ಅವರದು ಲೇಪ ಅಲ್ಲ. ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಚ್ಚಿದರೆ ಸತು ಕಪ್ಪಾಗ್ತದೆ, ಬೆಳ್ಳಿ ಬಿಳಿಯಾಗೇ ಉಳೀತದೆ. ನಿಮಗೆ ಬೇಕಿರೋದು ಕರೆಂಟ್ ಹಾಯಿಸಿ ಲೇಪ ಕೂರಿಸುವವರು. ಅದರ ದ್ರಾವಣದಲ್ಲಿ ಸಾಮಾನ್ಯವಾಗಿ ಸೈನೈಡ್ ಇರ್ತದೆ, ಮನೆಯಲ್ಲಿ ಮಾಡುವ ಹುಚ್ಚು ಬೇಡ.

ಅಂಗಡಿಯಲ್ಲಿ ಹೀಗೆ ಕೇಳಿ. ಕೆಳಗೆ ನಿಕಲ್ ಹಾಕ್ತೀರಾ? ಬೇಡ ಅನ್ನಿ. ಬೆಳ್ಳಿ 10 ಮೈಕ್ರಾನ್ ಆದರೂ ಇರಲಿ, ಅದು ಬರೀ ಅರ್ಧ ಗ್ರಾಂ ಬೆಳ್ಳಿ. ಬಂಗಾರವೇ ಬೇಕಾದರೆ ಈ ಬೆಳ್ಳಿಯ ಮೇಲೆ ಹಾಕಿಸಿ. ನೇರ ಹಿತ್ತಾಳೆ ಮೇಲೆ ಹಾಕಿದ ತೆಳು ಬಂಗಾರದೊಳಗಿಂದ ತಾಮ್ರ, ಸತು ನಿಧಾನಕ್ಕೆ ಮೇಲೆ ಬಂದು ಬಣ್ಣ ಕೆಡ್ತದೆ. ನಕಲಿ ಸರಕ್ಕೆ ಹಾಕುವ ತೆಳು ನೀರು ತುಟಿಯ ತಿಕ್ಕಾಟಕ್ಕೆ ನಿಲ್ಲೋದಿಲ್ಲ. ಲೇಪಕ್ಕೆ ಮುಂಚೆ ಜಿಡ್ಡು ತೆಗೆದದ್ದನ್ನು ನೀವೇ ನೋಡಿ: ನೀರಲ್ಲಿ ಅದ್ದಿ ಎತ್ತಿದಾಗ ಮೈಮೇಲೆ ನೀರು ಒಂದೇ ಪದರವಾಗಿ ಹರಡಬೇಕು. ಮುತ್ತಾಗಿ ಒಡೆದು ನಿಂತರೆ ಜಿಡ್ಡು ಉಳಿದಿದೆ, ಅಲ್ಲೇ ಮುಂದೆ ಪೊರೆ ಏಳ್ತದೆ.

ಶ್ಯಾಂಕಿಗೂ ಪೂರ್ತಿ ಬೆಳ್ಳಿ ಕೂತರೆ 10 ಮೈಕ್ರಾನಿಗೆ ಮೌತ್‌ಪೀಸು 0.4 ಮಿ.ಮೀ. ಹೊರಗೆ ನಿಲ್ತದೆ. ಅಲ್ಲಿ ಹಳೇ ಲೇಪ ಚೆನ್ನಾಗಿದ್ದರೆ ಹೊಸದು ಕೂರದ ಹಾಗೆ ಆ ಭಾಗ ಮುಚ್ಚಿಸಿಬಿಡಿ. ಮನೆ ಬಿಡುವ ಮುಂಚೆ ಮೌತ್‌ಪೀಸನ್ನು ಟ್ರಂಪೆಟಿನಲ್ಲಿ ಹಗುರವಾಗಿ ಕೂರಿಸಿ, ಎಷ್ಟು ಹೊರಗೆ ಉಳಿದಿದೆ ಅಂತ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ. ವಾಪಸ್ ತಂದಾಗ ಅದೇ ಅಳತೆ ತೆಗೆಯಿರಿ. ಗೀರು, ತಗ್ಗು ಎಲ್ಲಾ ಹಾಗೇ ಇರಲಿ, ಬಫ್ ಬೇಡ ಅಂತ ಚೀಟಿಯಲ್ಲಿ ಬರೆಸಿ. "ಮಂದ ಕಾಣ್ತದಲ್ರೀ" ಅಂತ ಅವರು ಹೇಳೇ ಹೇಳ್ತಾರೆ. ಕಾಣಲಿ ಬಿಡ್ರಿ ಅನ್ನಿ.