ರಿಸ್ಟೋರ್ ಬೆಳಗಾದರೂ ಮುಗಿಯುತ್ತಿಲ್ಲ, ಎಫ್‌ಸಿಂಕ್ ಆಫ್ ಮಾಡಲಾ?

ಪ್ರಶ್ನೆ: ಸರ್, ನಾನು ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಸುಮಾರು 120 ಜಿಬಿ. ಇದನ್ನು ಹೊಸ ಸರ್ವರ್‌ಗೆ ಹಾಕಬೇಕು: 8 ಕೋರ್, 32 ಜಿಬಿ ರ್ಯಾಮ್, ಎಸ್‌ಎಸ್‌ಡಿ. ನೋಡೋಣ ಅಂತ ರಾತ್ರಿ ಎಸ್‌ಕ್ಯೂಎಲ್ ಫೈಲ್ (ಡೇಟಾಬೇಸ್‌ನ ಬ್ಯಾಕಪ್) ರಿಸ್ಟೋರ್ ಹಚ್ಚಿ, ಅಂದರೆ ಹೊಸ ಸರ್ವರ್‌ಗೆ ತುಂಬಲು ಬಿಟ್ಟು, ಮಲಗಿದೆ. ಬೆಳಿಗ್ಗೆ ಮಾರುಕಟ್ಟೆಯ ಟೆಂಡರ್ ಹೊತ್ತಿಗೂ ಇಂಡೆಕ್ಸ್ (ಡೇಟಾ ಬೇಗ ಹುಡುಕಲು ಬೇಕಾದ ಸೂಚಿ) ಕಟ್ಟುತ್ತಲೇ ಇತ್ತು. ಗೆಳೆಯರೊಬ್ಬರು ಎಫ್‌ಸಿಂಕ್ (ಬರೆದದ್ದು ನಿಜವಾಗಿ ಡಿಸ್ಕ್‌ಗೆ ಸೇರಿತೇ ಅಂತ ಖಚಿತ ಮಾಡಿಕೊಳ್ಳುವ ಸೆಟ್ಟಿಂಗ್) ಆಫ್ ಮಾಡು ಅಂತಾರೆ. ಮಾಡಲಾ?
– ಓದುಗರು, ಬ್ಯಾಡಗಿ

ಉತ್ತರ: ಸದ್ಯಕ್ಕೆ ಬೇಡ. ಹೊತ್ತು ಹಿಡಿಯುತ್ತಿರುವುದು ಬೇರೆ ಕಡೆ.

ಮೊದಲು ಆ ಎಸ್‌ಕ್ಯೂಎಲ್ ಫೈಲ್ ಬಿಡಿ. ಅದು ಒಂದೇ ಕೋರ್ ಮೇಲೆ ಓಡುತ್ತದೆ. ಎಂಟು ಹಮಾಲರನ್ನು ಕರೆಸಿ ಒಬ್ಬನ ಕೈಲೇ ಚೀಲ ಇಳಿಸಿದ ಹಾಗೆ! ಬ್ಯಾಕಪ್ ತೆಗೆಯುವ ಪಿಜಿ_ಡಂಪ್‌ನಲ್ಲಿ ಡೈರೆಕ್ಟರಿ ಫಾರ್ಮ್ಯಾಟ್ ಆರಿಸಿಕೊಳ್ಳಿ, ಜೊತೆಗೆ ಜಾಬ್ಸ್ (ಒಟ್ಟಿಗೆ ಎಷ್ಟು ಕೆಲಸ ಓಡಬೇಕು ಎಂಬ ಸಂಖ್ಯೆ) ಕೊಟ್ಟರೆ ಡಂಪ್ ತೆಗೆಯುವಾಗಲೂ ಹಲವು ಕೋರ್ ಕೆಲಸ ಮಾಡುತ್ತವೆ. ಆಮೇಲೆ ಅದನ್ನು ಹೊಸ ಸರ್ವರ್‌ಗೆ ತುಂಬುವ ಪಿಜಿ_ರಿಸ್ಟೋರ್‌ಗೆ ಜಾಬ್ಸ್ 6 ಅಂತ ಕೊಡಿ. ಒಂದು ಮಾತು: ಒಂದು ಟೇಬಲ್‌ನ ಡೇಟಾ ತುಂಬುವುದು ಒಂದೇ ಜಾಬ್. ಹಾಗಾಗಿ ನಿಮ್ಮ ಬಿಲ್ ಟೇಬಲ್ ಒಂದೇ 80 ಜಿಬಿ ಇದ್ದರೆ ಅಲ್ಲಿ ಕಾಯಲೇಬೇಕು, ಆದರೆ ಅದರ ಇಂಡೆಕ್ಸ್‌ಗಳು ಮಾತ್ರ ಒಟ್ಟೊಟ್ಟಿಗೆ ಕಟ್ಟುತ್ತವೆ.

ಇನ್ನು ಇಂಡೆಕ್ಸ್. ಇದಕ್ಕೆ ಬೇಕಾದ ಮೆಮರಿ ಮೇಂಟೆನೆನ್ಸ್_ವರ್ಕ್_ಮೆಮ್ ಎಂಬ ಸೆಟ್ಟಿಂಗ್‌ನಿಂದ ಬರುತ್ತದೆ, ಡೀಫಾಲ್ಟ್ ಬರೀ 64 ಎಂಬಿ. ಅಷ್ಟರಲ್ಲಿ ದೊಡ್ಡ ಇಂಡೆಕ್ಸ್ ಹಿಡಿಯುವುದಿಲ್ಲ, ಸಾರ್ಟಿಂಗ್ ಎಲ್ಲ ಡಿಸ್ಕ್‌ಗೆ ಬೀಳುತ್ತದೆ. 1 ಜಿಬಿ ಮಾಡಿ. ಪ್ರತಿ ಜಾಬ್ ತನ್ನ ಪಾಲು ಬೇರೆ ತಗೊಳ್ಳುತ್ತದೆ, ಅಂದರೆ 6 ಜಾಬ್‌ಗೆ 6 ಜಿಬಿ. ನಿಮ್ಮ 32 ಜಿಬಿಯಲ್ಲಿ ಆರಾಮಾಗಿ ಆಗುತ್ತದೆ.

ಮೂರನೆಯದು ಚೆಕ್‌ಪಾಯಿಂಟ್, ಅಂದರೆ ಮೆಮರಿಯಲ್ಲಿ ಬದಲಾದ ಪುಟಗಳನ್ನೆಲ್ಲ ಡಿಸ್ಕ್‌ಗೆ ಬರೆದುಬಿಡುವುದು. ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಗೆ ವಾಲ್ ಅಂತಾರೆ; ಅದರ ಮಿತಿ ಮ್ಯಾಕ್ಸ್_ವಾಲ್_ಸೈಜ್ ಡೀಫಾಲ್ಟ್ 1 ಜಿಬಿ, ರಿಸ್ಟೋರ್‌ನಲ್ಲಿ ಇದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ತುಂಬಿ ಮತ್ತೆ ಮತ್ತೆ ಚೆಕ್‌ಪಾಯಿಂಟ್ ಆಗುತ್ತದೆ, ಪ್ರತಿ ಸಲ ಆದಮೇಲೆ ಬದಲಾದ ಪುಟಗಳನ್ನು ಮೊದಲ ಬಾರಿ ಇಡೀ ಪುಟವಾಗಿ ವಾಲ್‌ಗೆ ಬರೆಯಬೇಕು. ಅದನ್ನು 20 ಜಿಬಿಗೆ ಏರಿಸಿ, ಎಷ್ಟು ಹೊತ್ತಿಗೊಮ್ಮೆ ಚೆಕ್‌ಪಾಯಿಂಟ್ ಆಗಬೇಕು ಎನ್ನುವ ಚೆಕ್‌ಪಾಯಿಂಟ್_ಟೈಮ್‌ಔಟ್ 5 ನಿಮಿಷದ ಬದಲು 30 ನಿಮಿಷ ಮಾಡಿ. ಡಿಸ್ಕ್‌ನಲ್ಲಿ ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಎಫ್‌ಸಿಂಕ್ ವಿಷಯಕ್ಕೆ ಬರೋಣ. ನಿಮ್ಮ ಗೆಳೆಯರು ಸುಮ್ನೆ ಹೇಳಿದ್ದಲ್ಲ, ಖಾಲಿ ಸರ್ವರ್‌ಗೆ ಮೊದಲ ಸಲ ಡೇಟಾ ತುಂಬುವಾಗ ಹಾಗೆ ಮಾಡುವವರಿದ್ದಾರೆ. ಆದರೆ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಆ ಇಡೀ ಕ್ಲಸ್ಟರ್ (ಆ ಸರ್ವರ್‌ನ ಎಲ್ಲ ಡೇಟಾಬೇಸ್) ನಂಬುವ ಹಾಗಿಲ್ಲ, ಅಳಿಸಿ ಮೊದಲಿಂದ ಶುರು ಮಾಡಬೇಕು. ಅದಕ್ಕಿಂತ ಜಾಸ್ತಿ ಭಯ ಏನೆಂದರೆ, ಕೆಲಸ ಮುಗಿದ ಖುಷಿಯಲ್ಲಿ ಅದನ್ನು ಮತ್ತೆ ಆನ್ ಮಾಡುವುದು ಮರೆತು ಸೀಸನ್ ಪೂರ್ತಿ ಹಾಗೇ ಓಡಿಸುವುದು. ಮೇಲಿನ ಮೂರು ಮಾಡಿ ನೋಡಿ, ಬಹುಶಃ ಇದರ ಗೊಡವೆಯೇ ಬೇಕಾಗುವುದಿಲ್ಲ.

ಮುಗಿದ ಮೇಲೆ ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವ ಅನಲೈಜ್ ಕಮಾಂಡ್ ಓಡಿಸಲೇಬೇಕು. ಇಲ್ಲದಿದ್ದರೆ ಡೇಟಾ ಯಾವ ದಾರಿಯಲ್ಲಿ ಹುಡುಕಬೇಕು ಅಂತ ತೀರ್ಮಾನಿಸುವ ಪ್ಲಾನರ್‌ಗೆ ಆ ಅಂಕಿಅಂಶ ಇರುವುದಿಲ್ಲ, ಅಂಗಡಿಯವರು ಬಿಲ್ ತೆಗೆಯಲು ಹೋದಾಗ ಹಳೆಯ ಸರ್ವರ್‌ಗಿಂತ ನಿಧಾನ ಅನ್ನಿಸಿ ನಿಮಗೇ ಫೋನ್ ಮಾಡುತ್ತಾರೆ.