ವಾರಕ್ಕೊಂದು ಬಕೆಟ್ ನೀರು

ಪ್ರಶ್ನೆ (ತುಮಕೂರು): ಮೇಡಂ, ಮಗಳ ಹುಟ್ಟುಹಬ್ಬಕ್ಕೆ ಎರಡಡಿ ಟ್ಯಾಂಕು, ನಾಲ್ಕು ಗೋಲ್ಡ್‌ಫಿಶ್ ತಂದೆವು. ಅಂಗಡಿಯವರು ಹೇಳಿದ ಹಾಗೆ ತಿಂಗಳಿಗೊಮ್ಮೆ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ತೊಳೆಯುತ್ತೇನೆ. ತೊಳೆದ ಎರಡು ಮೂರು ದಿನಕ್ಕೆ ಒಂದು ಮೀನು ಸಾಯುತ್ತದೆ. ಮೊನ್ನೆ ಮತ್ತೆ ತೊಳೆದೆ. ಈಗ ಎರಡೇ ಉಳಿದಿವೆ, ಅವೂ ಮೇಲೆ ಬಂದು ಬಾಯಿ ಬಿಡುತ್ತಿವೆ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಬದಲಾಯಿಸಬೇಕು? ನಮಗೆ ಹೇಮಾವತಿ ನೀರು ಬರುತ್ತದೆ. ಬಾರದ ದಿನ ಬೋರ್‌ವೆಲ್.

ಉತ್ತರ: ಮೊದಲು ಆ ಎರಡು ಮೀನನ್ನು ಉಳಿಸಿಕೊಳ್ಳೋಣ. ಇವತ್ತೇ ಒಂದು ಬಕೆಟ್ ನೀರು ತೆಗೆದು, ಕ್ಲೋರಿನ್ ಇಲ್ಲದ ಒಂದು ಬಕೆಟ್ ನೀರು ಹಾಕಿ. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಎರಡು ದಿನ ಊಟ ಬೇಡ, ಗೋಲ್ಡ್‌ಫಿಶ್ ಅಷ್ಟಕ್ಕೆಲ್ಲ ಸೊರಗುವುದಿಲ್ಲ. ಆಮೇಲೆ ಒಂದು ತಿಂಗಳು ದಿನ ಬಿಟ್ಟು ದಿನ ಒಂದೊಂದು ಬಕೆಟ್ ಬದಲಾಯಿಸಿ. ಊಟ ಚಿಟಿಕೆಯಷ್ಟೇ. ಫಿಲ್ಟರ್ ಮುಟ್ಟಬೇಡಿ. ಹೊಸ ಮೀನು ತರಲೇಬೇಡಿ.

ಈಗ ಕಾರಣ ಹೇಳುತ್ತೇನೆ. ಮೀನು ಅಮೋನಿಯಾ ಬಿಡುತ್ತದೆ, ಹೆಚ್ಚಿನದು ಕಿವಿರಿನಿಂದಲೇ. ಅದು ವಿಷ. ಫಿಲ್ಟರಿನ ಸ್ಪಾಂಜು, ತಳದ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಕೆಲವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಲು 4ರಿಂದ 6 ವಾರ ಬೇಕು. ನೀವು ಸರಿಯಾಗಿ ಅದೇ ಹೊತ್ತಿಗೆ ಉಜ್ಜಿ ತೊಳೆದುಬಿಡುತ್ತೀರಿ. ಮೊಸರಿನ ಪಾತ್ರೆ ತೊಳೆಯುವ ಮುಂಚೆ ಹೆಪ್ಪಿಗೆ ಅಂತ ಒಂದು ಚಮಚ ತೆಗೆದಿಡುತ್ತೇವೆ ಅಲ್ವಾ? ಟ್ಯಾಂಕಿನ ಹೆಪ್ಪು ಇರುವುದು ಆ ಕಂದು ಬಣ್ಣದ ಸ್ಪಾಂಜಿನಲ್ಲಿ. ಕ್ಲೋರಿನ್ ಇರುವ ನಲ್ಲಿ ನೀರಿಗೆ ಹಿಡಿದರೆ ಹೆಪ್ಪೇ ಹೋಯಿತು.

ನಾನೂ ಇದೇ ತಪ್ಪು ಮಾಡಿದ್ದೆ. 2008ರಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ನೆಂಟರು ಬರುತ್ತಾರೆ ಅಂತ ಟ್ಯಾಂಕು ಖಾಲಿ ಮಾಡಿ, ಕಲ್ಲು ಬಿಸಿಲಿಗೆ ಹರವಿ, ಗಾಜು ಫಳಫಳ ಅನ್ನುವ ಹಾಗೆ ತೊಳೆದೆ. ಮೂರನೇ ದಿನ ಬೆಳಿಗ್ಗೆ ನನ್ನ ಎರಡು ಏಂಜಲ್ ಮೀನು ಮಗ್ಗುಲಾಗಿ ಬಿದ್ದಿದ್ದವು. ಕಿವಿರು ಕೆಂಪಾಗಿ ಊದಿತ್ತು. ಎರಡು ವರ್ಷ ಸಾಕಿದ್ದೆ. ಅವತ್ತಿನಿಂದ ಟ್ಯಾಂಕು ಪೂರ್ತಿ ಖಾಲಿ ಮಾಡಿಲ್ಲ.

ಇನ್ನು ಎಷ್ಟು ನೀರು ಅನ್ನುವುದು. ನಿಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಅಂಚಿನವರೆಗೆ 56 ಲೀಟರ್. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 48 ಲೀಟರಿನ ಆಸುಪಾಸು. ಸ್ನಾನದ ಬಕೆಟ್ಟಿನಲ್ಲಿ 15 ಲೀಟರ್ ಹಿಡಿದರೆ ಹೆಚ್ಚುಕಡಿಮೆ ಶೇ 30. ಈ ಒಂದು ತಿಂಗಳು ಮುಗಿದ ಮೇಲೆ ವಾರಕ್ಕೊಮ್ಮೆ ಅಷ್ಟು ಬದಲಾಯಿಸಿ. ಸಣ್ಣ ಮೀನುಗಳಿಗೆ ಶೇ 25 ಸಾಕು. ಆದರೆ ಗೋಲ್ಡ್‌ಫಿಶ್ ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಇಷ್ಟು ಟ್ಯಾಂಕಿಗೆ ಎರಡೇ ಹೆಚ್ಚು.

ಒಂದು ಲೆಕ್ಕ ನೋಡಿ. ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಕೂಡುತ್ತದೆ ಅಂದುಕೊಳ್ಳಿ. ವಾರ ವಾರ ಶೇ 10ರಷ್ಟೇ ನೀರು ಬದಲಾಯಿಸಿದರೆ ಅದು ಏರುತ್ತಾ ಹೋಗಿ 100ರ ಹತ್ತಿರ ನಿಲ್ಲುತ್ತದೆ. ಶೇ 25 ಬದಲಾಯಿಸಿದರೆ 40ಕ್ಕೆ ನಿಲ್ಲುತ್ತದೆ. ಅರ್ಧ ಬದಲಾಯಿಸಿದರೆ 20ಕ್ಕೆ. ನಾನು 40 ದಾಟಲು ಬಿಡುವುದಿಲ್ಲ. ಟೆಸ್ಟ್ ಕಿಟ್ ತಂದರೆ ಬೋರ್‌ವೆಲ್ ನೀರನ್ನೂ ನೋಡಿ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45ನ್ನೇ ಮೀರಿರುತ್ತದೆ. ಅಂಥ ನೀರು ಸುರಿದು ಏನು ಪ್ರಯೋಜನ? ಒಂದು ವಾರ ಮೆದು ನೀರು, ಇನ್ನೊಂದು ವಾರ ಗಡಸು ನೀರು ಆಗುವುದೂ ಮೀನಿಗೆ ಕಷ್ಟ. ಹೇಮಾವತಿ ನೀರು ಬಂದ ದಿನ ಒಂದು ಡ್ರಮ್ಮಿನಲ್ಲಿ ಹಿಡಿದಿಡಿ. ಒಂದು ದಿನ ಬಾಯಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಬೆರೆಸಿದ ನೀರಾದರೆ ಎಷ್ಟು ದಿನ ತೆರೆದಿಟ್ಟರೂ ಹೋಗುವುದಿಲ್ಲ, ಹನಿ ಬೇಕೇ ಬೇಕು.

ನೀರು ತೆಗೆಯಲು ಮಗ್ಗು ಬೇಡ, ಸೈಫನ್ ಪೈಪು ತನ್ನಿ. ಮೊದಲು ಸ್ವಿಚ್ ಎಲ್ಲ ಆಫ್ ಮಾಡಿ. ಪೈಪಿನ ಅಗಲ ಬಾಯನ್ನು ಕಲ್ಲಿನೊಳಗೆ ಒತ್ತಿ ಹಿಡಿಯಿರಿ. ಕಲ್ಲು ಒಳಗೇ ಕುಣಿಯುತ್ತದೆ, ಅದರ ನಡುವಿನ ಕಾಫಿ ಗಸಿಯಂಥ ಗಲೀಜು ಪೈಪಿನಲ್ಲಿ ಮೇಲೆದ್ದು ಬಕೆಟ್ಟಿಗೆ ಬರುತ್ತದೆ. ನೀರು ತಿಳಿಯಾದ ಮೇಲೆ ಪಕ್ಕಕ್ಕೆ ಸರಿಸಿ. ಒಂದು ವಾರ ತಳದ ಅರ್ಧ, ಮುಂದಿನ ವಾರ ಇನ್ನರ್ಧ. ಸ್ಪಾಂಜನ್ನು ತಿಂಗಳಿಗೊಮ್ಮೆ, ತೆಗೆದ ಇದೇ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು. ಸೋಪು ಹತ್ತಿರಕ್ಕೂ ಬರಬಾರದು. ಹೊಸ ನೀರು ಹಾಕುವ ಮುಂಚೆ ಒಂದು ಕೈ ಟ್ಯಾಂಕಿನಲ್ಲಿ, ಇನ್ನೊಂದು ಬಕೆಟ್ಟಿನಲ್ಲಿ ಅದ್ದಿ ನೋಡಿ. ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಸುಡುತ್ತಿರುತ್ತದೆ. ಎರಡೂ ಕೈಗೆ ಒಂದೇ ಥರ ಅನ್ನಿಸಬೇಕು.

ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ. ನಾನು ಕರಿಬೇವಿಗೆ ಹಾಕುತ್ತೇನೆ, ಗಿಡ ಕಪ್ಪು ಹಸಿರಾಗಿ ಚಿಗುರುತ್ತದೆ. ಟ್ಯಾಂಕಿಗೆ ಉಪ್ಪು ಹಾಕಿದ್ದರೆ ಮಾತ್ರ ಗಿಡಕ್ಕೆ ಬೇಡ.

ಪ್ರಶ್ನೆ (ಶಿರಸಿ): ಒಂದೂವರೆ ವರ್ಷದಿಂದ ಆವಿಯಾದಷ್ಟು ಬಾವಿ ನೀರು ತುಂಬಿಸುತ್ತೇವೆ, ಅಷ್ಟೇ. ಹಳೇ ಮೀನು ಚೆನ್ನಾಗಿವೆ. ಹೊಸದಾಗಿ ಬಿಟ್ಟವು ಎರಡು ದಿನ ಬದುಕುವುದಿಲ್ಲ. ಯಾಕೆ?

ಉತ್ತರ: ಆವಿಯಾಗಿ ಹೋಗುವುದು ಬರೀ ನೀರು. ನೈಟ್ರೇಟ್ ಎಲ್ಲ ಒಳಗೇ ಉಳಿಯುತ್ತದೆ, ಸಾರು ಬತ್ತಿದ ಹಾಗೆ. ಹಳೇ ಮೀನು ದಿನದಿನಕ್ಕೆ ಅದಕ್ಕೆ ಒಗ್ಗಿಕೊಂಡಿವೆ. ಹೊಸದಕ್ಕೆ ಅದು ಒಮ್ಮೆಲೇ ತಾಗುತ್ತದೆ. ಜೊತೆಗೆ ನಿಮ್ಮ ಕಡೆ ಬಾವಿ ನೀರು ಬಹಳ ಮೆದು, ಹಾಗಾಗಿ ಟ್ಯಾಂಕಿನ ಪಿಎಚ್ (ನೀರಿನ ಹುಳಿಯ ಅಳತೆ; 7 ಅಂದರೆ ಸಮ, ಇಳಿದಷ್ಟೂ ಹುಳಿ ಜಾಸ್ತಿ) ಮೆಲ್ಲಗೆ ಇಳಿದಿರುತ್ತದೆ.

ದಯವಿಟ್ಟು ಗಾಬರಿಯಾಗಿ ಅರ್ಧ ನೀರು ಚೆಲ್ಲಬೇಡಿ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಅಷ್ಟಾಗಿ ಕಾಡದ ರೂಪದಲ್ಲಿ ಇರುತ್ತದೆ. ಹೊಸ ನೀರಿನಿಂದ ಪಿಎಚ್ ಒಮ್ಮೆಲೇ ಏರಿದರೆ ಅದೇ ವಿಷವಾಗುತ್ತದೆ. ಆಗ ಹಳೇ ಮೀನೂ ಹೋಗುತ್ತವೆ. ಮೂರು ದಿನಕ್ಕೊಮ್ಮೆ ಶೇ 10ರಂತೆ ಒಂದು ತಿಂಗಳು ಬದಲಾಯಿಸಿ, ಆಮೇಲೆ ವಾರಕ್ಕೆ ಕಾಲು ಭಾಗ. ಸಮುದ್ರದ ಚಿಪ್ಪು ಚೆನ್ನಾಗಿ ತೊಳೆದು, ಒಂದು ಸಣ್ಣ ಹಿಡಿಯಷ್ಟು ಫಿಲ್ಟರಿನಲ್ಲಿ ಇಡಿ. ಅದು ಕರಗುತ್ತಾ ಪಿಎಚ್ ಮತ್ತೆ ಕುಸಿಯದ ಹಾಗೆ ಹಿಡಿದಿಡುತ್ತದೆ. ಪಿಎಚ್ ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ. 7ರ ಹತ್ತಿರ ಬಂದು ಎರಡು ಮೂರು ವಾರ ಅಲ್ಲೇ ನಿಂತ ಮೇಲೆ ಹೊಸ ಮೀನು ತನ್ನಿ.